ಪಾರ್ಟಿ ಎದುರಿಗೆ ಕೂತಿರುವಾಗ ಮನಸ್ಸು ಬೇಡ ಅಂದರೆ

ನಾನು ಕುಮಟಾದಲ್ಲಿದ್ದುಕೊಂಡು ಜಾಗ, ತೋಟ, ಮನೆ ಕೊಡಿಸುವ ಕೆಲಸ ಮಾಡುತ್ತೇನೆ. ಒಂದು ಕಡೆ ಅಂಕೋಲಾ, ಇನ್ನೊಂದು ಕಡೆ ಹೊನ್ನಾವರ, ಆಗಾಗ ದೇವಿಮನೆ ಘಟ್ಟ ಹತ್ತಿ ಶಿರಸಿ. ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನ ಹತ್ತಿರ ಕಾಗದಪತ್ರದ ಬಗ್ಗೆಯೇ ಕೇಳುತ್ತಾರೆ. ಪಹಣಿ ಹೇಗೆ ಓದಬೇಕು, ಇಸಿ (ಋಣಭಾರ ಪತ್ರ) ಎಷ್ಟು ವರ್ಷದ್ದು ತೆಗೆಸಬೇಕು, ಸರ್ವೆ ಇಲಾಖೆಯ 11ಇ ನಕ್ಷೆ ಯಾವಾಗ ಬೇಕು. ಅದನ್ನೆಲ್ಲ ಯಾರಾದರೂ ಕಲಿಸಬಹುದು. ಆದರೆ ಪಾರ್ಟಿ, ಅಂದರೆ ಕೊಳ್ಳಲು ಇಲ್ಲ ಮಾರಲು ಬಂದವರು, ಎದುರಿಗೆ ಕೂತಿರುವಾಗ, ಮಾತೆಲ್ಲ ಸರಿಯಾಗಿಯೇ ಇರುವಾಗ, ಒಳಗಿನಿಂದ ಏನೋ ಬೇಡ ಅನ್ನುತ್ತದಲ್ಲ, ಆಗ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ನನ್ನ ಕೆಲಸ ಇಷ್ಟು ವರ್ಷ ನಿಂತಿರುವುದು ಆ ಮಾತನ್ನು ಕೇಳಿದ್ದರಿಂದಲೇ ಅಂತ ನಾನು ನಂಬಿದ್ದೇನೆ.

ನಾನು ಮಾಡುವುದು ಇಷ್ಟು. ಒಳಗೆ ಕಸಿವಿಸಿ ಶುರುವಾದರೆ ಅವತ್ತು ದುಡ್ಡು ಮುಟ್ಟುವುದಿಲ್ಲ. ಜಾಗದವರ ಫೋನ್ ನಂಬರ್ ಕೊಡುವುದಿಲ್ಲ, ಸರ್ವೆ ನಂಬರ್ ಕೂಡ ಹೇಳುವುದಿಲ್ಲ. ಹಾಗಂತ ಪಾರ್ಟಿಯನ್ನು ಅವತ್ತೇ ಬೇಡ ಅನ್ನುವುದೂ ಇಲ್ಲ. ಚಾ ಕೊಟ್ಟು, ನೋಡಿ ಹೇಳುತ್ತೇನೆ ಅಂತ ಕಳಿಸುತ್ತೇನೆ. ಆಮೇಲೆ ಒಬ್ಬಳೇ ಕೂತು ಡೈರಿಯಲ್ಲಿ ಬರೆಯುತ್ತೇನೆ. ಇವರು ಏನು ಹೇಳಿದಾಗ, ಏನು ಮಾಡಿದಾಗ ನನಗೆ ಹಾಗೆ ಅನಿಸಿತು? ಒಂದಾದರೂ ಮಾತು, ಒಂದಾದರೂ ನಡವಳಿಕೆ ಬರೆಯಲು ಸಿಕ್ಕಿತು ಅಂದರೆ ನನ್ನ ಮನಸ್ಸು ಸುಮ್ನೆ ಹಾಗೆ ಹೇಳಿಲ್ಲ ಅಂತ ಅರ್ಥ. ಬರೆಯಲು ಹೋದಾಗ ಬಟ್ಟೆ, ಭಾಷೆ, ಜಾತಿ, ಊರು ಇಷ್ಟೇ ಬಂದರೆ ಆ ಪುಟವನ್ನು ಅಲ್ಲಿಗೇ ಬಿಡುತ್ತೇನೆ. ಅದು ನಾನು ಬೆಳೆದ ಬೀದಿಯ ಮಾತು, ಆ ಪಾರ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಈ ಎರಡನ್ನು ಬೇರೆ ಮಾಡದೆ ಮನಸ್ಸನ್ನು ನಂಬಿ ಅಂತ ಯಾರಿಗೂ ಹೇಳಬಾರದು ಅಂತ ನನಗೆ ಅನಿಸುತ್ತದೆ. ಯಾಕೆಂದರೆ ನಮ್ಮ ಊರುಗಳಲ್ಲಿ ಒಬ್ಬರಿಗೆ ಜಾಗ ಕೊಡದಿರಲು ಜನ ಹೇಳುವ ನೆಪವೂ ಇದೇ, ಯಾಕೋ ಮನಸ್ಸಿಗೆ ಬರಲಿಲ್ಲ ಅಂತ.

ನಮ್ಮ ಜಿಲ್ಲೆಯಲ್ಲಿ ಇದು ಯಾಕೆ ಇಷ್ಟು ಮುಖ್ಯ ಅಂದರೆ ಇಲ್ಲಿನ ಜಾಗ ಸರಳ ಅಲ್ಲ. ಸುತ್ತ ಕಾಡು, ನಡುವೆ ಸ್ವಲ್ಪ ಮಾಲ್ಕಿ (ಸ್ವಂತ ಹಕ್ಕಿನ) ಜಮೀನು, ಅದರ ಬದಿಗೆ ಅತಿಕ್ರಮಣ, ಬೇಲಿ ಎಲ್ಲಿದೆಯೋ ಹದ್ದು, ಅಂದರೆ ಜಾಗದ ಗಡಿ, ಅಲ್ಲಿ ಇರುವುದಿಲ್ಲ. ಸಮುದ್ರದ ಕಡೆ ಬಂದರೆ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್. ಭರತದ ಗೆರೆಯಿಂದ 500 ಮೀಟರ್‌ವರೆಗೆ ಅದರ ನಿಯಮ ಇದೆ, ಹಳ್ಳಿ ಕಡೆ ಹೆಚ್ಚಿನ ಜಾಗದಲ್ಲಿ ಮೊದಲ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ದಾರಿ ಇಲ್ಲ. ಅಘನಾಶಿನಿ, ಶರಾವತಿ ಹೊಳೆಗಳ ಉಪ್ಪುನೀರು ಏರುವ ದಡಕ್ಕೂ ಈ ನಿಯಮ ಉಂಟು, ಅಳತೆ ಮಾತ್ರ ಬೇರೆ. ಹಳೆಯ ಆಸ್ತಿ ಎಂದರೆ ಅಜ್ಜನ ಹೆಸರಲ್ಲೇ ಇರುವ ಪಹಣಿ, ವಾರಸುದಾರರಲ್ಲಿ ಮುಂಬಯಿಯಲ್ಲಿ ಒಬ್ಬರು, ಗೋವಾದಲ್ಲಿ ಒಬ್ಬರು. ಇಂಥ ಜಾಗದ ಐಬು ಏನೇ ಇದ್ದರೂ ಪಾರ್ಟಿ ಬಾಯಿಬಿಟ್ಟು ಹೇಳಿದರೆ ದಾರಿ ಹುಡುಕಬಹುದು. ಮುಚ್ಚಿಡುವ ಪಾರ್ಟಿ, ಗಡಿಬಿಡಿ ಮಾಡುವ ಪಾರ್ಟಿ ಸಿಕ್ಕಿದರೆ ಮಾತ್ರ ವರ್ಷಗಟ್ಟಲೆ ಕೋರ್ಟು. ಬ್ರೋಕರ್ ಕಮಿಷನ್ ತಗೊಂಡು ಹೋಗಿರುತ್ತಾನೆ, ಜಾಗದವರು ಅಲ್ಲೇ ಉಳಿದಿರುತ್ತಾರೆ.

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಆಮೇಲೆ ನನಗೆ ಹೊರಗಿನವರ ಫೋನ್ ಜಾಸ್ತಿ. ಅವರಲ್ಲಿ ತುಂಬ ಒಳ್ಳೆಯವರಿದ್ದಾರೆ, ಇಲ್ಲೇ ಮನೆ ಕಟ್ಟಿ ಊರಿನವರಾಗಿ ಉಳಿದವರಿದ್ದಾರೆ. ಆದರೆ ಗೋಕರ್ಣದ ಹತ್ತಿರದ ಒಂದು ಜಾಗಕ್ಕೆ ಬಂದ ಒಬ್ಬರ ವಿಷಯ ಹೇಳಬೇಕು. ತುಂಬ ಮರ್ಯಾದೆಯ ಮನುಷ್ಯ, ಮೇಡಂ ಮೇಡಂ ಅಂತ ಮಾತು, ದರದಲ್ಲಿ ಒಂದು ರೂಪಾಯಿ ಚೌಕಾಸಿ ಇಲ್ಲ. ಹೊರಗಿನಿಂದ ನೋಡಿದರೆ ಇಂಥ ಪಾರ್ಟಿ ಸಿಗಬೇಕು ಅನ್ನಬೇಕು. ನನಗೋ ಮೊದಲ ಅರ್ಧ ಗಂಟೆಯಲ್ಲೇ ಕೂತಲ್ಲಿ ಕೂರಲು ಆಗದ ಹಾಗೆ. ರಾತ್ರಿ ಡೈರಿ ತೆರೆದಾಗ ಗೊತ್ತಾಯಿತು. ಅವರು ಜಾಗದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಜಾಗ ಬೇಕಾದವರು ಬಾವಿ ನೋಡುತ್ತಾರೆ, ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದಾ ಅಂತ ಕೇಳುತ್ತಾರೆ. ಮಳೆಗಾಲದಲ್ಲಿ ದಾರಿ ಹೇಗೆ, ಹತ್ತಿರದ ಮನೆಯವರು ಯಾರು ಅಂತ ವಿಚಾರಿಸುತ್ತಾರೆ. ಇವರು ಕೇಳಿದ್ದು ಎರಡೇ. ಓನರಿಗೆ ವಯಸ್ಸೆಷ್ಟು, ಮಕ್ಕಳು ಊರಲ್ಲಿ ಇದ್ದಾರಾ.

ಇಂಥಲ್ಲಿ ನಾನು ಪಾರ್ಟಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ದೊಡ್ಡದೇನೂ ಅಲ್ಲ, ಸರಿಯಾದವರು ಹೂಂ ಅಂದುಬಿಡುವಂಥದ್ದು. ಅವರಿಗೆ ಹೇಳಿದ್ದು, ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಬರಬೇಕು, ಮತ್ತು ಕರಾರಿನ ದಿನ ಓನರ ಮಗಳು ಜೊತೆಗೆ ಇರುತ್ತಾಳೆ ಅಂತ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳಬಾರದು ಅಂತ ಆದಾಯ ತೆರಿಗೆ ಕಾನೂನು 2015ರಿಂದಲೇ ಇದೆ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅಂದರೆ ಕಷ್ಟ ಬರುವುದು ಜಾಗ ಮಾರುವ ಮುದುಕರಿಗೆ, ದುಡ್ಡು ಕೊಡುವವರಿಗಲ್ಲ. ಇದನ್ನು ಹೇಳಿದ ಕೂಡಲೇ ಮಾತಿನ ಧಾಟಿ ಬದಲಾಯಿತು. ಇಷ್ಟೆಲ್ಲ ಯಾಕೆ ಮೇಡಂ, ನಗದು ಕೊಟ್ಟರೆ ಅವರಿಗೂ ಒಳ್ಳೆಯದು, ನಿಮಗೆ ಬೇರೆಯಾಗಿ ನೋಡಿಕೊಳ್ಳುತ್ತೇನೆ ಅಂದರು. ಕರಾರಿನ ಕರಡು ಅವರೇ ತಂದಿದ್ದರು. ಸಣ್ಣ ಅಡ್ವಾನ್ಸು, ಉದ್ದ ಅವಧಿ, ತಾನು ಹೇಳಿದವರ ಹೆಸರಿಗೆ ಕ್ರಯ ಮಾಡಿಕೊಡಬೇಕು ಅಂತ ಒಂದು ಸಾಲು. ಅಂದರೆ ಸ್ವಲ್ಪ ದುಡ್ಡಿನಲ್ಲಿ ಜಾಗ ಕಟ್ಟಿಹಾಕಿ, ಆ ಕರಾರನ್ನೇ ಮೇಲಿನ ದರಕ್ಕೆ ಇನ್ನೊಬ್ಬರಿಗೆ ದಾಟಿಸುವ ಲೆಕ್ಕ. ಹಾಗೆ ಬರೆದುಕೊಳ್ಳುವುದು ಅಪರಾಧ ಅಂತ ನಾನು ಹೇಳುವುದಿಲ್ಲ. ಆದರೆ ಓನರಿಗೆ ಅದು ಗೊತ್ತಿರಬೇಕಲ್ವಾ? ನಾನು ಆಗುವುದಿಲ್ಲ ಅಂದೆ, ಅವರು ಮತ್ತೆ ಫೋನ್ ಮಾಡಲಿಲ್ಲ.

ಅವರು ಬೇರೆ ಕಡೆ ಜಾಗ ತಗೊಂಡರೋ, ಎಲ್ಲ ಸರಿಯಾಗಿಯೇ ನಡೆಸಿದರೋ ನನಗೆ ತಿಳಿಯದು. ನಾವು ಬೇಡ ಅಂದ ಪಾರ್ಟಿ ಆಮೇಲೆ ಹೇಗೆ ನಡೆದುಕೊಂಡಿತು ಅಂತ ಹೆಚ್ಚಾಗಿ ಗೊತ್ತಾಗುವುದೇ ಇಲ್ಲ. ಹಾಗಾಗಿ ನನ್ನ ಊಹೆ ಸರಿಯಾಯಿತಾ ತಪ್ಪಾಯಿತಾ ಅಂತ ನಾನು ಹಿಂದೆ ಹೋಗಿ ಹುಡುಕುವುದಿಲ್ಲ. ಅವತ್ತು ನನ್ನ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಸಾಕಷ್ಟಿತ್ತಾ ಅಂತಷ್ಟೇ ನೋಡುತ್ತೇನೆ.

ಮಾರುವವರ ಕಡೆಯಿಂದಲೂ ಇದು ಬರುತ್ತದೆ. ಶಿರಸಿ ಕಡೆಯ ಒಂದು ಅಡಿಕೆ ತೋಟ. ಅಣ್ಣ ಮಾರುವವನು, ತಂಗಿಯರಿಬ್ಬರ ಮದುವೆಯಾಗಿದೆ. ಕಾಗದ ತಕ್ಕಮಟ್ಟಿಗೆ ಸರಿ ಇತ್ತು. ತೋಟ ತೋರಿಸುತ್ತಾ ಮೇಲಿನ ಗುಡ್ಡಕ್ಕೆ ಕೈ ಮಾಡಿ, ಬೆಟ್ಟವೂ ಸೇರಿದರೆ ಇಷ್ಟು ಎಕರೆ ಆಗ್ತದೆ ನೋಡಿ ಅಂದರು. ಘಟ್ಟದ ಮೇಲಿನವರಿಗೆ ಇದು ಗೊತ್ತು, ಹೊರಗಿನ ಓದುಗರಿಗೆ ಹೇಳುತ್ತೇನೆ. ಸೊಪ್ಪಿನ ಬೆಟ್ಟ ಸರ್ಕಾರದ್ದು. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಮಾತ್ರ ತೋಟದವರಿಗೆ. ಅದನ್ನು ಮಾಲ್ಕಿ ಜಮೀನಿನ ಹಾಗೆ ಎಕರೆ ಲೆಕ್ಕದಲ್ಲಿ ಮಾರಲು ಬರುವುದಿಲ್ಲ, ಅಲ್ಲಿ ಹೋಂಸ್ಟೇ ಕಟ್ಟಲೂ ಆಗುವುದಿಲ್ಲ. ಆದರೆ ಅದು ಅಲ್ಲಿ ಎಲ್ಲರೂ ಮಾತಾಡುವ ರೀತಿ, ಅದರಿಂದ ನನ್ನ ಮನಸ್ಸು ಕೆಡಲಿಲ್ಲ. ಕೆಟ್ಟದ್ದು ಬೇರೆಯದಕ್ಕೆ. ತಂಗಿಯರು ಒಪ್ಪಿದ್ದಾರಾ ಅಂತ ನಾನು ಯಾವಾಗ ಕೇಳಿದರೂ ಅವರು ಮಾತನ್ನು ಕೊಳೆರೋಗದ ಕಡೆಗೋ ಆಳಿನ ಕೂಲಿಯ ಕಡೆಗೋ ತಿರುಗಿಸುತ್ತಿದ್ದರು. ಒಪ್ಪಿದ್ದಾರೆ ಅನ್ನುವುದೂ ಇಲ್ಲ, ಇಲ್ಲ ಅನ್ನುವುದೂ ಇಲ್ಲ.

ಅವರಿಗೆ ನಾನು ಹೇಳಿದ ಕೆಲಸ, ತಂಗಿಯರ ಫೋನ್ ನಂಬರ್ ಕೊಡಿ, ನಾನೇ ಒಂದು ಮಾತು ಆಡುತ್ತೇನೆ ಅಂತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು. ತಿದ್ದುಪಡಿ ಜಾರಿಯಾದ ದಿನಕ್ಕೆ ತಂದೆ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಅವರ ಸಹಿ ಇಲ್ಲದೆ ಕೊಂಡವರಿಗೆ ಮುಂದೆ ನೆಮ್ಮದಿ ಇಲ್ಲ. ನಂಬರ್ ಬರಲು ತುಂಬ ದಿನ ಹಿಡಿಯಿತು. ಮಾತಾಡಿದಾಗ ಗೊತ್ತಾಯಿತು, ತಂಗಿಯರಿಗೆ ಮಾರಾಟದ ಸುದ್ದಿಯೇ ಇರಲಿಲ್ಲ. ಅಣ್ಣನಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ, ಹೇಳುವ ಧೈರ್ಯ ಇರಲಿಲ್ಲ ಅಷ್ಟೇ. ಮೇಲಿಂದ ಮೇಲೆ ಸಾಲ ಆಗಿತ್ತು, ತಂಗಿಯರ ಎದುರು ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಮೂವರೂ ಕೂತು ಮಾತಾಡಿದರು, ಪಾಲಿನ ದುಡ್ಡು ಎಷ್ಟು ಅಂತ ಬರೆದುಕೊಂಡರು, ಕ್ರಯಪತ್ರಕ್ಕೆ ಎಲ್ಲರೂ ಸಹಿ ಹಾಕಿದರು. ಆ ವ್ಯವಹಾರ ನನ್ನ ಕೈಯಿಂದಲೇ ಆಯಿತು. ಮನಸ್ಸು ಬೇಡ ಅಂದ ಕೂಡಲೇ ಬಿಟ್ಟು ಓಡದೆ ಒಂದು ಕೆಲಸ ಹೇಳಿ ಕಾಯುವುದು ಇದಕ್ಕೇ. ಒಳಗಿನ ಮಾತು ಏನೋ ಮುಚ್ಚಿಟ್ಟಿದ್ದಾರೆ ಅಂತಷ್ಟೇ ಹೇಳುತ್ತದೆ, ಏನನ್ನು, ಯಾಕೆ ಅಂತ ಹೇಳುವುದಿಲ್ಲ.

ಜೋರು ಮಾತಿನ ಪಾರ್ಟಿಯನ್ನು ಕಷ್ಟದ ಪಾರ್ಟಿ ಅಂತ ಲೆಕ್ಕಕ್ಕೆ ಹಿಡಿಯುವವರನ್ನು ಕಂಡರೆ ನನಗೆ ಬೇಜಾರು. ತದಡಿ ಕಡೆಯ ಒಬ್ಬರು, ದೋಣಿಯ ಕೆಲಸದವರು, ಮನೆ ಜಾಗ ಹುಡುಕುತ್ತಿದ್ದರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವವರು. ಹಳ್ಳಿಯ ಮನೆ ಜಾಗದ ದಾಖಲೆಗಳಾದ ನಮೂನೆ 9, ನಮೂನೆ 11 ಪಂಚಾಯಿತಿಯಿಂದ ತಂದು ತೋರಿಸಿದರೆ ಅದನ್ನು ಮಗನ ಕೈಲಿ ಓದಿಸಿ, ಪುನಃ ತಾವೇ ಪಂಚಾಯಿತಿಗೆ ಹೋಗಿ ವಿಚಾರಿಸಿ ಬಂದರು. ನನ್ನ ಮೇಲೆ ರೇಗಿದರು ಕೂಡ. ನನಗೆ ಒಳಗೆ ಒಂಚೂರೂ ಅಳುಕಾಗಲಿಲ್ಲ. ಹೊಳೆ, ಸಮುದ್ರದಲ್ಲಿ ದುಡಿದು ಕೂಡಿಟ್ಟ ದುಡ್ಡು, ಅವರು ಕೇಳದೆ ಇನ್ನು ಯಾರು ಕೇಳಬೇಕು? ಕೂಗಾಡುವವರ ಮುಂದೆ ನನಗೆ ತಲೆನೋವು ಬರುತ್ತದೆ, ಆದರೆ ಹೆದರಿಕೆ ಬರುವುದಿಲ್ಲ. ಹೆದರಿಕೆ ಬರುವುದು ಮೆಲ್ಲಗೆ ಮಾತಾಡುತ್ತಲೇ, ನಿಮ್ಮ ಮಗ ಯಾವ ಕಾಲೇಜಿನಲ್ಲಿ ಓದುವುದು ಅಂತ ಕೇಳುವವರ ಮುಂದೆ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಜಾಗ ತೋರಿಸಲು ಹೋಗುವ ವಿಷಯದಲ್ಲಿ ಡೈರಿ, ಕಾಯುವುದು, ಕೆಲಸ ಹೇಳುವುದು ಯಾವುದೂ ಬೇಡ. ಮನಸ್ಸು ಬೇಡ ಅಂದರೆ ಹೋಗಬೇಡಿ, ಕಾರಣ ಹುಡುಕುತ್ತಾ ಕೂರಬೇಡಿ. ಅಪ್ಸರಕೊಂಡದ ಕಡೆಯಾಗಲಿ, ಕಾಗಾಲದ ಕಡೆಯಾಗಲಿ, ಗುಡ್ಡದ ಮೇಲಿನ ಎಷ್ಟೋ ಜಾಗಗಳಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರ ಮನೆ ಇರುವುದಿಲ್ಲ, ಫೋನಿಗೆ ಸಿಗ್ನಲ್ ಇರುವುದಿಲ್ಲ. ನಾನು ಪಾರ್ಟಿಯನ್ನು ಮೊದಲು ಪೇಟೆಯಲ್ಲೇ ನೋಡುತ್ತೇನೆ. ಅವರ ಕಾರಿನಲ್ಲಿ ಹತ್ತುವುದಿಲ್ಲ, ನನ್ನ ಸ್ಕೂಟರಿನಲ್ಲೇ ಹೋಗುತ್ತೇನೆ. ಬೆಳಿಗ್ಗೆಯೇ ಹೋಗುತ್ತೇನೆ, ಜಾಗದವರ ಮನೆಯಿಂದ ಯಾರನ್ನಾದರೂ ಜೊತೆಗೆ ಕರೆದುಕೊಳ್ಳುತ್ತೇನೆ. ಸಂಜೆ ಸೂರ್ಯಾಸ್ತ ನೋಡುತ್ತಾ ಜಾಗ ನೋಡುವಾ ಅನ್ನುವವರಿಗೆ, ಸಂಜೆ ಹದ್ದಿನ ಕಲ್ಲು ಕಾಣುವುದಿಲ್ಲ, ಬೆಳಿಗ್ಗೆ ಬನ್ನಿ ಅನ್ನುತ್ತೇನೆ. ಜಾಗವೇ ಬೇಕಾದವರು ಬೆಳಿಗ್ಗೆ ಬರುತ್ತಾರೆ.

ಮನಸ್ಸಿನ ಮಾತು ಕೇಳಿಸದೆ ಹೋಗುವುದು ಕೈಯಲ್ಲಿ ದುಡ್ಡಿಲ್ಲದಾಗ. ನಮ್ಮಲ್ಲಿ ಮಳೆ ಹಿಡಿದರೆ ಜಾಗ ನೋಡಲು ಯಾರೂ ಬರುವುದಿಲ್ಲ, ಆಷಾಢದಲ್ಲಿ ಕ್ರಯ ಬೇಡ ಅನ್ನುವವರು ಬೇರೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಅಂಕೋಲಾ ಕಡೆಯ ಕೆಲಸ ಪೂರ್ತಿ ನಿಂತಿತ್ತು. ಅಂಥ ತಿಂಗಳಲ್ಲಿ ಬರುವ ಪಾರ್ಟಿ ದೇವರ ಹಾಗೆ ಕಾಣುತ್ತದೆ. ಆ ಹೊತ್ತಿನಲ್ಲಿ ನಾನು ಒಬ್ಬಳೇ ತೀರ್ಮಾನ ಮಾಡುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಕೂರುವ ಹಿರಿಯ ಬಾಂಡ್ ರೈಟರ್ ಒಬ್ಬರಿದ್ದಾರೆ, ನಾನು ಅಣ್ಣ ಅನ್ನುತ್ತೇನೆ. ಪಾರ್ಟಿಯನ್ನು ಅವರ ಹತ್ತಿರ ಕರೆದುಕೊಂಡು ಹೋಗಿ ಸುಮ್ನೆ ಕೂರಿಸುತ್ತೇನೆ. ಅವರು ನಾಲ್ಕು ಮಾತು ಆಡಿಸಿ, ಆಮೇಲೆ ನನ್ನ ಕಡೆ ನೋಡಿ, "ತಂಗಿ, ಇದು ನಮ್ಗೆ ಬೇಡ" ಅಂದರೆ ನಾನು ಮರುಮಾತು ಆಡುವುದಿಲ್ಲ. ಅವರಿಗೆ ಆ ಪಾರ್ಟಿಯಿಂದ ಬರಬೇಕಾದ್ದು ಏನೂ ಇಲ್ಲ, ಹಾಗಾಗಿ ಅವರ ಕಣ್ಣಿಗೆ ಸರಿಯಾಗಿ ಕಾಣುತ್ತದೆ.

ಬೇಡ ಅನ್ನುವುದನ್ನು ಹೇಗೆ ಹೇಳಬೇಕು ಅಂತ ಕೇಳುವವರಿದ್ದಾರೆ. ನಿಮಗೆ ಬೇಕಾದ ಹಾಗೆ ನನ್ನಿಂದ ಮಾಡಿಕೊಡಲು ಆಗುವುದಿಲ್ಲ, ಬೇರೆಯವರನ್ನು ನೋಡಿ ಅನ್ನುತ್ತೇನೆ. ಅಷ್ಟೇ. ಕಾರಣ ವಿವರಿಸಿದರೆ ಅವರು ಆ ಕಾರಣವನ್ನು ಸರಿಮಾಡಿಕೊಂಡು ಮತ್ತೆ ಬರುತ್ತಾರೆ, ಮನುಷ್ಯ ಅವರೇ ಇರುತ್ತಾರೆ. ಅವರು ಕೊಟ್ಟ ಕಾಗದದ ನಕಲು ಒಂದೂ ಇಟ್ಟುಕೊಳ್ಳದೆ ಅವತ್ತೇ ವಾಪಸ್ ಕೊಡುತ್ತೇನೆ. ಊರಲ್ಲಿ ಅವರ ಬಗ್ಗೆ ಮಾತಾಡುವುದಿಲ್ಲ. ಆದರೆ ಅವರು ಕೇಳುತ್ತಿದ್ದ ಜಾಗದ ಓನರ್ ನನ್ನನ್ನು ನಂಬಿದವರಾಗಿದ್ದರೆ ಒಂದು ಮಾತು ಮಾತ್ರ ಹೇಳುತ್ತೇನೆ. ಯಾರೇ ಬಂದರೂ ಅಡ್ವಾನ್ಸ್ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಮಕ್ಕಳು ಬರುವವರೆಗೆ ಸಹಿ ಹಾಕಬೇಡಿ ಅಂತ.