ದುಬೈ ಶಾಲೆಯಲ್ಲಿ ಟೀಚರ್ ಕೆಲಸ: ಸೂಟ್‌ಕೇಸ್‌ಗಿಂತ ಮೊದಲು ಅಂಕಪಟ್ಟಿ ತೆಗೆಯಿರಿ

ದುಬೈ, ಶಾರ್ಜಾ, ಅಬುಧಾಬಿಯಲ್ಲಿ ಸಿಬಿಎಸ್‌ಇ ಪಠ್ಯ ಕಲಿಸುವ ಭಾರತೀಯ ಶಾಲೆಗಳು ಸಾಕಷ್ಟಿವೆ. ಅವುಗಳ ಶಾಲಾ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಬ್ರಿಟಿಷ್, ಅಮೆರಿಕನ್ ಪಠ್ಯದ ಶಾಲೆಗಳದ್ದು ಆಗಸ್ಟ್ ಕೊನೆಗೆ. ಕೆಲಸ ಖಚಿತವಾದ ಮೇಲೆ ಓಡಾಡೋಣ ಎಂದುಕೊಂಡರೆ ಸಮಯ ಸಾಲುವುದಿಲ್ಲ. ಅರ್ಜಿ ಹಾಕುವ ಮೊದಲೇ ಮುಗಿಸಬಹುದಾದ ಕೆಲಸಗಳೇ ಜಾಸ್ತಿ. ಆದಷ್ಟು ತಡಮಾಡಿ ಮಾಡಬೇಕಾದದ್ದು ಒಂದೇ, ಈಗಿನ ಕೆಲಸಕ್ಕೆ ರಾಜೀನಾಮೆ.

ಹೆಸರು ಎಲ್ಲ ಕಡೆ ಒಂದೇ ಇದೆಯೇ?

ನಮ್ಮ ಕಡೆಯವರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತಾ ಎಚ್.ಎಸ್.’, ಬಿ.ಎಡ್. ಪ್ರಮಾಣಪತ್ರದಲ್ಲಿ ‘ಎಚ್.ಎಸ್. ಸವಿತಾ’, ಮದುವೆಯಾದ ಮೇಲೆ ಮಾಡಿಸಿದ ಆಧಾರ್‌ನಲ್ಲಿ ಗಂಡನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಊರಿನ ಹೆಸರು, ಅಪ್ಪನ ಹೆಸರು ಸೇರಿ ಇನ್ನೊಂದು ಹೊಸ ರೂಪ! ಊರಲ್ಲಿ ಎಲ್ಲರಿಗೂ ಗೊತ್ತು, ಇವರೆಲ್ಲ ಒಬ್ಬರೇ ಸವಿತಾ ಟೀಚರ್ ಅಂತ. ವೀಸಾ ಕಚೇರಿಗೆ ಹೇಗೆ ಗೊತ್ತಾಗಬೇಕು?

ಎಲ್ಲ ದಾಖಲೆಗಳನ್ನೂ ಒಂದು ಮೇಜಿನ ಮೇಲೆ ಹರಡಿ. ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನಾಂಕ ಅಕ್ಷರ ಅಕ್ಷರ ಹೋಲಿಸಿ. ಪಾಸ್‌ಪೋರ್ಟನ್ನು ಅಳತೆಗೋಲು ಮಾಡಿಕೊಳ್ಳಿ. ಸಣ್ಣ ವ್ಯತ್ಯಾಸವಿದ್ದರೆ, ಎರಡೂ ಒಬ್ಬರದೇ ಹೆಸರು ಎಂಬ ಅಫಿಡವಿಟ್ ನೋಟರಿ ಬಳಿ ಮಾಡಿಸಿ, ಅದು ಸಾಕೇ ಎಂದು ಶಾಲೆಯವರನ್ನು ಕೇಳಿ. ಹುಟ್ಟಿದ ದಿನಾಂಕವೇ ಬೇರೆಯಾಗಿದ್ದರೆ ಅಫಿಡವಿಟ್ ನೆಚ್ಚಿಕೊಳ್ಳಬೇಡಿ, ದಾಖಲೆಯನ್ನೇ ತಿದ್ದಿಸಿ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು, ಬರೀ ‘ಸವಿತಾ’ ಎಂದಿದ್ದರೆ ಇನ್ನೂ ತೊಡಕು. 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗಳ ವಿಷಯದಲ್ಲಿ ಬಿಗಿಯಾಗಿದೆ. ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳುವುದೇ ನೆಮ್ಮದಿ. ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದರೆ ಇಲಾಖೆಯ ಅನುಮತಿ ಪತ್ರದ ವಿಚಾರವನ್ನೂ ಆಗಲೇ ನೋಡಿಕೊಳ್ಳಿ.

ಸೀಲುಗಳ ಸಾಲು

ಪದವಿ ಮತ್ತು ಬಿ.ಎಡ್. ಪ್ರಮಾಣಪತ್ರಗಳಿಗೆ ಅಟೆಸ್ಟೇಶನ್ ಬೇಕು. ಮೊದಲು ರಾಜ್ಯ ಸರ್ಕಾರದ ದೃಢೀಕರಣ. ಆಮೇಲೆ ಭಾರತದ ವಿದೇಶಾಂಗ ಸಚಿವಾಲಯ. ಅದಾದ ಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ. ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ. ಈ ಸರದಿ ತಪ್ಪಿಸುವಂತಿಲ್ಲ, ಹಿಂದಿನ ಸೀಲ್ ನೋಡಿಯೇ ಮುಂದಿನವರು ಸೀಲ್ ಹಾಕುವುದು.

‘ಅಪೊಸ್ಟಿಲ್ (ರಾಯಭಾರ ಕಚೇರಿಯ ಸೀಲ್ ಬೇಡದ ದೃಢೀಕರಣ) ಮಾಡಿಸಿದರೆ ಸಾಕು’ ಎಂದು ಯಾರಾದರೂ ಹೇಳಿದರೆ ಯಾವ ದೇಶಕ್ಕೆ ಅಂತ ಕೇಳಿ. ಒಮಾನ್, ಬಹ್ರೇನ್‌ಗೆ ಅದು ನಡೆಯುತ್ತದೆ, ಯುಎಇಗೆ ಈ ಉದ್ದ ದಾರಿಯೇ ಬೇಕು. ಭಾರತದ ವಿದೇಶಾಂಗ ಸಚಿವಾಲಯ ನೇರವಾಗಿ ದಾಖಲೆ ತೆಗೆದುಕೊಳ್ಳುವುದಿಲ್ಲ. ಅದೇ ನೇಮಿಸಿದ ಏಜೆನ್ಸಿಗಳ ಮೂಲಕ ಕೊಡಬೇಕು. ಅವುಗಳ ಪಟ್ಟಿ, ಶುಲ್ಕ ಎರಡೂ ಸಚಿವಾಲಯದ ಜಾಲತಾಣದಲ್ಲಿವೆ. ನೋಡಿಕೊಂಡೇ ಹೋಗಿ, ಮಧ್ಯದವರು ಹೇಳಿದ ರೇಟಿಗೆ ತಲೆ ಆಡಿಸಬೇಡಿ. ಮೂಲ ಪ್ರತಿ ವಾರಗಟ್ಟಲೆ ನಿಮ್ಮ ಕೈಲಿರುವುದಿಲ್ಲ. ಕೊಡುವ ಮೊದಲು ಎರಡೂ ಬದಿ ಕಲರ್ ಸ್ಕ್ಯಾನ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ಹಾಳಾಗದಿರಲಿ ಅಂತ ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರಕ್ಕೆ ಸೀಲ್ ಒತ್ತುವುದು ಹೇಗೆ? ಅಂಥದ್ದಿದ್ದರೆ ಈಗಲೇ ವಿಚಾರಿಸಿ, ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ತರಿಸಬೇಕಾಗಬಹುದು. ದೂರಶಿಕ್ಷಣದಲ್ಲಿ ಪದವಿ ಪಡೆದವರು ಅದನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಿ. ದುಬೈನಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್. ಶಿಕ್ಷಕರ ನೇಮಕಕ್ಕೆ ಅವರ ಒಪ್ಪಿಗೆ ಬೇಕು, ಪ್ರಿನ್ಸಿಪಾಲ್ ಒಪ್ಪಿದರಷ್ಟೇ ಸಾಲದು.

ಸಂಸಾರ ಕರೆದೊಯ್ಯುವ ಯೋಚನೆಯಿದ್ದರೆ ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರಗಳಿಗೂ ಸೀಲ್ ಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಇದನ್ನು ಮಾತ್ರ ಬೇಗ ಮಾಡಿಸಬೇಡಿ, ಹಳೆಯದಾದರೆ ಒಪ್ಪುವುದಿಲ್ಲ.

ಆಫರ್ ಲೆಟರ್ ಓದುವ ಕ್ರಮ

‘ತಿಂಗಳಿಗೆ 6,000 ದಿರ್ಹಾಮ್’ ಎಂದು ಕಂಡ ಕೂಡಲೇ ರೂಪಾಯಿಗೆ ಗುಣಿಸಲು ಕೂರಬೇಡಿ. ಅದರಲ್ಲಿ ಬೇಸಿಕ್ (ಭತ್ಯೆಗಳನ್ನು ಬಿಟ್ಟ ಮೂಲ ವೇತನ) ಎಷ್ಟು ಅಂತ ಮೊದಲು ನೋಡಿ. ಒಂದು ವರ್ಷ ಮುಗಿಸಿದವರಿಗೆ ಅಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಸಂಬಳ. ಆಮೇಲೆ ವರ್ಷಕ್ಕೆ 30 ದಿನದ್ದು. ಲೆಕ್ಕ ಹಾಕುವುದು ಬೇಸಿಕ್ ಮೇಲೆ ಮಾತ್ರ. ಅದೇ 6,000ದಲ್ಲಿ ಬೇಸಿಕ್ 3,000 ಇದ್ದರೆ ಐದು ವರ್ಷಕ್ಕೆ 10,500 ದಿರ್ಹಾಮ್. ಬೇಸಿಕ್ 4,500 ಇದ್ದರೆ 15,750. ಕೈಗೆ ಬರುವ ಸಂಬಳ ಒಂದೇ, ಹೊರಡುವ ದಿನದ ಚೆಕ್ ಬೇರೆ. ಇದನ್ನು ಕೇಳಲು ಸಂಕೋಚ ಬೇಡ.

ಮನೆ ಶಾಲೆಯದೋ, ಬಾಡಿಗೆ ಭತ್ಯೆಯೋ ಅಂತಲೂ ನೋಡಿ. ನನ್ನನ್ನು ಕೇಳಿದರೆ, ಮೊದಲ ವರ್ಷ ಶಾಲೆ ಕೊಡುವ ಮನೆಯೇ ಮೇಲು, ಹಂಚಿಕೊಂಡು ಇರಬೇಕಾದರೂ ಸರಿ. ದುಬೈನಲ್ಲಿ ಬಾಡಿಗೆ ವರ್ಷದ ಲೆಕ್ಕದಲ್ಲಿ. ಕೆಲವೇ ಚೆಕ್‌ಗಳಲ್ಲಿ ಮುಂಗಡ ಕೇಳುವ ಮಾಲೀಕರು ಜಾಸ್ತಿ. ಜತೆಗೆ ಠೇವಣಿ, ಬ್ರೋಕರ್ ಕಮಿಷನ್. ಫ್ಲ್ಯಾಟ್‌ಗೆ ಕರೆಂಟು, ನೀರಿನ ಠೇವಣಿಯೇ 2,000 ದಿರ್ಹಾಮ್. ಆಗ ತಾನೇ ಬಂದವರ ಕೈಲಿ ಅಷ್ಟು ಎಲ್ಲಿರುತ್ತದೆ?

ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ವಿಮಾನ ಟಿಕೆಟ್, ಆರೋಗ್ಯ ವಿಮೆ, ಮಕ್ಕಳ ಶುಲ್ಕದ ರಿಯಾಯಿತಿ, ಬೇಸಿಗೆ ರಜೆಯ ಸಂಬಳ ಎಲ್ಲವೂ ಕಾಗದದಲ್ಲಿ ಬರಬೇಕು. ಸಂದರ್ಶನದಲ್ಲಿ ಬಾಯಿಮಾತಿಗೆ ಹೇಳಿದ್ದನ್ನು ನಂಬಿ ಕೂರಬೇಡಿ.

ನೇಮಕದ ಖರ್ಚನ್ನು ಉದ್ಯೋಗಿಯಿಂದ ವಸೂಲು ಮಾಡುವಂತಿಲ್ಲ ಎಂದು ಯುಎಇ ಕಾರ್ಮಿಕ ಕಾನೂನು ಹೇಳುತ್ತದೆ. ಭಾರತದಲ್ಲಿ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ‘ವಿಸಿಟ್ ವೀಸಾದಲ್ಲಿ ಬಂದು ಪಾಠ ಶುರುಮಾಡಿ, ಆಮೇಲೆ ನೋಡೋಣ’ ಎಂದರೆ ಅಲ್ಲಿಗೇ ಬಿಟ್ಟುಬಿಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ.

ಎಂಟ್ರಿ ಪರ್ಮಿಟ್ (ಕೆಲಸಕ್ಕೆಂದು ಯುಎಇ ಪ್ರವೇಶಿಸಲು ಕೊಡುವ ಅನುಮತಿ) ಕೈಗೆ ಬಂದ ಮೇಲೆ ರಾಜೀನಾಮೆ ಕೊಡಿ. ನೋಟಿಸ್ ಅವಧಿ ಉದ್ದವಿದ್ದರೆ ಸೇರುವ ದಿನಾಂಕವನ್ನು ಮೊದಲೇ ಮಾತಾಡಿಕೊಳ್ಳಿ. ಅನುಭವ ಪತ್ರ, ರಿಲೀವಿಂಗ್ ಲೆಟರ್ ಪಡೆಯದೆ ಊರು ಬಿಡಬೇಡಿ.

ಬ್ಯಾಂಕು, ತೆರಿಗೆ

ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಇಲ್ಲಿ? ಆ ಆರ್ಥಿಕ ವರ್ಷದಲ್ಲಿ ನೀವು ಭಾರತದಲ್ಲಿ 182 ದಿನ ಇದ್ದರೆ ನಿವಾಸಿಯೇ. ಆಗ ಅಲ್ಲಿ ದುಡಿದದ್ದೂ ಇಲ್ಲಿಯ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸೆಪ್ಟೆಂಬರ್ ಕೊನೆಯ ವಾರಕ್ಕೆ ಮುಂಚೆ ಹೊರಡುವುದಕ್ಕೂ ಅಕ್ಟೋಬರ್‌ನಲ್ಲಿ ಹೊರಡುವುದಕ್ಕೂ ದುಡ್ಡಿನ ವ್ಯತ್ಯಾಸವಿದೆ. ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ಸಂಬಳ ಕಳಿಸಲು ಎನ್‌ಆರ್‌ಇ ತೆರೆಯಿರಿ; ಎರಡೂ ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆಗಳೇ. ಇರುವ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯಲಾಗದು.

ಪೆಟ್ಟಿಗೆಗೆ ಏನು ಬೇಡ

ಅಮ್ಮ ಕಟ್ಟಿಕೊಟ್ಟ ಪೊಟ್ಟಣಗಳನ್ನು ಒಮ್ಮೆ ಬಿಚ್ಚಿ ನೋಡಿ. ಗಸಗಸೆ ಯುಎಇಯಲ್ಲಿ ನಿಷಿದ್ಧ. ಪಾಯಸಕ್ಕೆ ಅಂತ ಒಂದು ಹಿಡಿ ಇದ್ದರೂ ತೆಗೆದಿಡಿ. ವೀಳ್ಯದೆಲೆಯೂ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಮುಂಚಿತ ಅನುಮತಿ ಬೇಕು. ದಿನವೂ ನುಂಗುವ ಮಾತ್ರೆಗಳ ಜತೆ ವೈದ್ಯರ ಚೀಟಿ ಇರಲಿ. ಚಟ್ನಿಪುಡಿ, ಹಪ್ಪಳಕ್ಕೆ ಅಡ್ಡಿಯಿಲ್ಲ. ಸುಮ್ನೆ ಅಕ್ಕಿ, ಬೇಳೆ ಹೊರಬೇಡಿ, ಅಲ್ಲೂ ಸಿಗುತ್ತದೆ.

ಮನೆಯವರ ಫೋನಿಗೆ ಬೋಟಿಮ್‌ನಂಥ ಕಾಲ್ ಮಾಡುವ ಆ್ಯಪ್ ಹಾಕಿ, ಬಳಸುವುದನ್ನು ತೋರಿಸಿಕೊಡಿ. ವಾಟ್ಸ್‌ಆ್ಯಪ್ ಮೆಸೇಜು ಅಲ್ಲಿಂದ ಹೋಗುತ್ತದೆ, ಕಾಲ್ ಹೋಗುವುದಿಲ್ಲ.

ಇಳಿದ ಮೇಲೆ

ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಎಮಿರೇಟ್ಸ್ ಐಡಿ (ಅಲ್ಲಿಯ ಗುರುತಿನ ಚೀಟಿ), ಬ್ಯಾಂಕ್ ಖಾತೆ ಒಂದಾದ ಮೇಲೊಂದು ಬರುತ್ತವೆ. ಹಿಂದೆ ಕ್ಷಯರೋಗ ಬಂದಿದ್ದವರು ಹೊರಡುವ ಮೊದಲೇ ಎಕ್ಸ್‌ರೇಯನ್ನು ಊರಲ್ಲೇ ಒಮ್ಮೆ ತೆಗೆಸಿ ವೈದ್ಯರಿಗೆ ತೋರಿಸಿ. ಇದೆಲ್ಲ ಮುಗಿದು ಮೊದಲ ಸಂಬಳ ಬರುವವರೆಗೆ ಒಂದೂವರೆ ತಿಂಗಳ ಖರ್ಚು ಕೈಲಿರಬೇಕು.

ವೀಸಾ ಕೆಲಸಕ್ಕೆ ಪಾಸ್‌ಪೋರ್ಟ್ ಕೊಟ್ಟಿದ್ದರೆ ಮುಗಿದ ಮೇಲೆ ಕೇಳಿ ಪಡೆಯಿರಿ. ಉದ್ಯೋಗಿಯ ಪಾಸ್‌ಪೋರ್ಟ್ ಶಾಲೆ ಇಟ್ಟುಕೊಳ್ಳುವಂತಿಲ್ಲ. ಕೊಡಲು ಸತಾಯಿಸಿದರೆ ದುಬೈನ ಭಾರತೀಯ ಕಾನ್ಸುಲೇಟ್‌ಗೆ ದೂರು ಕೊಡಬಹುದು. ಸಹಿ ಹಾಕಿದ ಕರಾರಿನ ಒಂದು ಪ್ರತಿಯನ್ನು ಊರಿನ ಮನೆಯಲ್ಲೂ ಇಟ್ಟಿರಿ.