ಟೆನ್ಸ್ ಚಾರ್ಟ್ ತೆಗೆದೆ, ಬ್ಯಾಚ್ ಉಳಿಯಿತು

ಮೊದಲ ದಿನವೇ ಗೋಡೆಗೆ ಟೆನ್ಸ್ ಚಾರ್ಟ್ ಅಂಟಿಸಿ ಹನ್ನೆರಡು ಟೆನ್ಸ್ ಶುರು ಮಾಡಿದರೆ ಮೂರನೇ ವಾರಕ್ಕೆ ಅರ್ಧ ಬೆಂಚು ಖಾಲಿ. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯದಲ್ಲಿ ನನ್ನ ಮೊದಲ ನಾಲ್ಕೈದು ಬ್ಯಾಚ್ ಹೀಗೇ ಹೋದವು. ಸೇರುವಾಗ ಇಪ್ಪತ್ತೈದು ಜನ, ಕೊನೆಗೆ ಎಂಟೋ ಒಂಬತ್ತೋ. ಬಾಡಿಗೆ ತಿಂಗಳಿಗೆ ಆರು ಸಾವಿರದ ಹತ್ತಿರ. ಕರೆಂಟು, ಜೆರಾಕ್ಸ್, ಪಾಂಪ್ಲೆಟ್ ಖರ್ಚು ಬೇರೆ. ಫೀಸು ಎರಡು ಕಂತು ಮಾಡಿದ್ದೆ, ಎರಡನೇ ಕಂತು ಕೇಳುವ ಹೊತ್ತಿಗೆ ಕೊಡುವವರೇ ಇರುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಸುಮಾರು ನಲವತ್ತು ಸಾವಿರ ಕೈಬಿಟ್ಟಿತು.

ಆಮೇಲೆ ಪಾಠ ಮಾಡುವುದನ್ನೇ ನಿಲ್ಲಿಸಿದೆ. ಚೀಟಿ ಶುರುವಾಯಿತು. ಕ್ಲಾಸಿಗೆ ಬರುವವರೆಲ್ಲ ಒಂದು ಚೀಟಿ ತರಬೇಕು. ಅವತ್ತು ಎಲ್ಲಿ ಇಂಗ್ಲಿಷ್ ಕೈಕೊಟ್ಟಿತೋ ಆ ವಾಕ್ಯ ಅದರಲ್ಲಿರಬೇಕು. ಬ್ಯಾಂಕಲ್ಲಿ ಆಡಿದ ಮಾತು, ಇಂಟರ್‌ವ್ಯೂನಲ್ಲಿ ತಡವರಿಸಿದ್ದು, ಮಗಳ ಸ್ಕೂಲ್ ಡೈರಿಗೆ ಬರೆದದ್ದು, ಏನಾದರೂ ಸರಿ. ಹೆಸರು ಬರೆಯುವ ಹಾಗಿಲ್ಲ. ಡಬ್ಬಿಯಿಂದ ಎತ್ತಿದ ಚೀಟಿಯೇ ಆ ದಿನದ ಕ್ಲಾಸು.

ಮೈಸೂರಿನ ಕುವೆಂಪುನಗರದಲ್ಲಿ ಬಹಳ ವರ್ಷದಿಂದ ಟ್ಯೂಷನ್ ಮಾಡುವ ಮೇಷ್ಟ್ರೊಬ್ಬರು ಕೇಳಿ ನಕ್ಕರು. "ಅಲ್ಲಪ್ಪ, ಸಿಲಬಸ್ಸೇ ಇಲ್ಲ ಅಂದ್ರೆ ಜನ ದುಡ್ಡು ಯಾಕೆ ಕೊಡ್ತಾರೆ?" ಎಂದರು. ನನ್ನ ತಮ್ಮನೂ ಹಾಗೇ ಹೇಳಿದ. ವರ್ಷ ಕಳೆದ ಮೇಲೆ ಎಂಟುನೂರು ಒಂಬೈನೂರು ಚೀಟಿ ನೆಲದ ಮೇಲೆ ಹರಡಿಕೊಂಡು ವಿಂಗಡಿಸಿದೆ. ಹತ್ತರಲ್ಲಿ ಏಳು ಚೀಟಿ ಮೂವತ್ತು ಪ್ರಶ್ನೆಗಳೊಳಗೇ ಬರುತ್ತಿದ್ದವು. ಸಿಲಬಸ್ ಸಿಕ್ಕಿತಲ್ಲ, ಅದೂ ಜನರೇ ಬರೆದುಕೊಟ್ಟದ್ದು!

ಎಲ್ಲಕ್ಕಿಂತ ಜಾಸ್ತಿ ಬರುವುದು "ಡಿಡ್ ಯು ವೆಂಟ್". ಇದಕ್ಕೆ ರೂಲ್ ಹೇಳುವುದಿಲ್ಲ. "ಡಿಡ್ ಯು ಗೋ ಟು ಮದ್ದೂರ್?" "ನೋ, ಐ ಡಿಡಂಟ್ ಗೋ." "ಯೆಸ್, ಐ ವೆಂಟ್." ಬೆಂಚಿಂದ ಬೆಂಚಿಗೆ ಇದೇ ಸುತ್ತು, ಬೇಜಾರಾಗುವ ತನಕ. ಡಿಡ್ ಇದ್ದ ಕಡೆ ವೆಂಟ್ ಬರುವುದಿಲ್ಲ ಎಂದು ನಾಲಿಗೆಗೇ ಗೊತ್ತಾಗಬೇಕು.

"ಐ ಆಮ್ ಲಿವಿಂಗ್ ಇನ್ ಮಂಡ್ಯ ಸಿನ್ಸ್ ಟೆನ್ ಇಯರ್ಸ್" ಎಂಬ ಚೀಟಿ ಹತ್ತಾರು ಕೈಬರಹದಲ್ಲಿದೆ. ಇದರಲ್ಲಿ ಎರಡು ಗಂಟಿವೆ. ಎರಡನ್ನೂ ಒಂದೇ ದಿನ ಬಿಚ್ಚಬಾರದು. ಮೊದಲು ಸಿನ್ಸ್ ಮತ್ತು ಫಾರ್: ಶುರುವಾದ ಹೊತ್ತಿಗೆ ಸಿನ್ಸ್ 2015, ಎಷ್ಟು ಕಾಲ ಎಂಬುದಕ್ಕೆ ಫಾರ್ ಟೆನ್ ಇಯರ್ಸ್. ನಮ್ಮಲ್ಲಿ 2015ರಿಂದ, ಹತ್ತು ವರ್ಷದಿಂದ, ಎರಡಕ್ಕೂ ಒಂದೇ ಬಾಲ, ಅದಕ್ಕೇ ಗಲಿಬಿಲಿ. "ಹ್ಯಾವ್ ಬೀನ್ ಲಿವಿಂಗ್" ಮುಂದಿನ ವಾರಕ್ಕೆ.

ಎ ಮತ್ತು ಆ್ಯನ್ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಎ, ಇ, ಐ, ಒ, ಯು ಅಕ್ಷರ ನೋಡಿ ಎಂದು ಎಲ್ಲರೂ ಕಲಿಸುತ್ತಾರೆ. ಗಂಟೆ ಎಂಬರ್ಥದ ಅವರ್, ಯೂನಿವರ್ಸಿಟಿ ಬಂದಾಗ ಮಕ್ಕಳು ಅಲ್ಲೇ ಮುಗ್ಗರಿಸುತ್ತಾರೆ. ನಾನು ಪದವನ್ನು ಕನ್ನಡ ಲಿಪಿಯಲ್ಲಿ ಬರೆಸುತ್ತೇನೆ. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನವಾದರೆ ಎ. ಅವರ್ ಎಂದರೆ ಅಕಾರ, ಆ್ಯನ್. ಯೂನಿವರ್ಸಿಟಿಗೆ ಯಕಾರ, ಎ. ಐದು ನಿಮಿಷದ ಕೆಲಸ. ಆದರೆ ಒನ್ ವೇ ಬಂದಾಗ ಲಿಪಿ ಮೋಸ ಮಾಡಿತು. ನಾವು ಬರೆಯುವುದು ಒನ್, ಇಂಗ್ಲಿಷಿನವರ ಬಾಯಲ್ಲಿ ಅದು ವನ್. ಹಾಗಾಗಿ ಎ ಒನ್ ವೇ ರೋಡ್. ಇನ್ನೊಂದು ತಮಾಷೆ, ನಮ್ಮ ಕಡೆಯವರ ಬಾಯಲ್ಲಿ ಎಮ್ಮೆಲ್ಲೆ ಯೆಮ್ಮೆಲ್ಲೆ ಆಗುತ್ತಾರೆ. ಕಿವಿಗೆ ಕೇಳಿದಂತೆ ಬರೆದರೆ ಯಕಾರ ಬಂದು ಎಲ್ಲ ಎಡವಟ್ಟು. ಹಾಗಾಗಿ ಮೊದಲು ಉಚ್ಚಾರ ತಿದ್ದಿ, ಆಮೇಲೆ ಆ್ಯನ್ ಎಮ್ಮೆಲ್ಲೆ.

"ಡಿಸ್ಕಸ್ ಅಬೌಟ್" ಒಂದು ದಿನದ ಮಾತು. ಡಿಸ್ಕಸ್ ಮುಂದೆ ಅಬೌಟ್ ಬೇಡ, ಮುಗಿಯಿತು. ಎಲ್ಲದಕ್ಕೂ "ಇಸಂಟ್ ಇಟ್" ಹಚ್ಚುವುದನ್ನು ನಾನು ತಿದ್ದಲು ಹೋಗುವುದೇ ಇಲ್ಲ. ಅಲ್ವಾ ಎಂಬುದು ಬಾಯಿಗೆ ಅಂಟಿದೆ. ಇಂಟರ್‌ವ್ಯೂಗೆ ಹೋಗುವವರಿಗೆ ಮಾತ್ರ ಆ ಜಾಗಕ್ಕೆ "ರೈಟ್?" ಕೊಡಿಸಿದ್ದೇನೆ. ಕೆಲಸ ನಡೆಯುತ್ತದೆ.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಸ್ಟಾರ್ ಆಫ್ ಮೈಸೂರು ಸಂಜೆ ಪತ್ರಿಕೆ ತಂದು ಅದರ ಎ, ಆ್ಯನ್, ದ ಎಲ್ಲಕ್ಕೂ ವೈಟ್ನರ್ ಹಚ್ಚಿ ತುಂಬಿಸಿ ನೋಡಿದೆ. ಬರವಣಿಗೆ ಸುಧಾರಿಸಿತು, ಮಾತು ಹಾಗೇ ಇತ್ತು. ವೈಟ್ನರ್ ಖರ್ಚು ಮಾತ್ರ ಪತ್ರಿಕೆಗಿಂತ ಜಾಸ್ತಿ! ಇನ್ನೊಮ್ಮೆ ಕ್ರಿಕೆಟ್ ಕಾಮೆಂಟರಿ ಕೇಳಿಸಿದೆ. ಕಣ್ಣೆದುರು ನಡೆಯುವ ಆಟವನ್ನು ಅವರು "ಹಿ ರನ್ಸ್, ಹಿ ಬೌಲ್ಸ್" ಎನ್ನುತ್ತಾರೆ. ಹುಡುಗರು ಅದನ್ನೇ ಹಿಡಿದುಕೊಂಡು ನಿನ್ನೆ ನಡೆದದ್ದನ್ನೂ "ಐ ಗೋ, ಐ ಈಟ್" ಎನ್ನತೊಡಗಿದರು. ವಾರದೊಳಗೆ ಕಾಮೆಂಟರಿ ಬಂದ್.

ಈಗ ಇಪ್ಪತ್ತೆರಡು ಜನ ಸೇರಿದರೆ ಹದಿನೆಂಟು ಹತ್ತೊಂಬತ್ತು ಜನ ಕೊನೆತನಕ ಬರುತ್ತಾರೆ. ಮೂರು ತಿಂಗಳಿಗೆ ಮೂರು ಸಾವಿರ, ಒಂದೇ ಕಂತು. ಪಾಂಪ್ಲೆಟ್ ನಿಲ್ಲಿಸಿದೆ, ಬಂದವರೇ ಇನ್ನೊಬ್ಬರನ್ನು ಕರೆತರುತ್ತಾರೆ. ಭಾನುವಾರ ಮೈಸೂರಿನ ಸರಸ್ವತಿಪುರಂನಲ್ಲೂ ಒಂದು ಬ್ಯಾಚ್ ನಡೆಯುತ್ತಿದೆ. ಬೆಳಗಿನ ಪ್ಯಾಸೆಂಜರ್ ರೈಲಲ್ಲಿ ಹೋಗಿಬರುವುದರಿಂದ ಖರ್ಚು ಕಡಿಮೆ. ನಕ್ಕಿದ್ದ ಮೇಷ್ಟ್ರು ಹೋದ ವರ್ಷ ಫೋನ್ ಮಾಡಿ ಆ ಮೂವತ್ತು ಪ್ರಶ್ನೆ ಕೇಳಿದರು. ಕೊಟ್ಟೆ. ಯಾವುದು ಯಾವುದರ ಹಿಂದೆ ಬರಬೇಕು ಎಂಬ ಕ್ರಮ ಕೊಡಲಿಲ್ಲ, ಇಲ್ಲೂ ಬರೆಯುವುದಿಲ್ಲ. ಡಬ್ಬಿಯಿಂದ ನಾನು ಕಣ್ಣುಮುಚ್ಚಿ ಎತ್ತುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಚೀಟಿಗೂ ಬಗ್ಗದೆ ಉಳಿದಿರುವುದು ದ. ನದಿಗೆ ಬೇಕು, ದ ಕಾವೇರಿ. ಕೆರೆಗೆ ಬೇಡ, ಕಾರಂಜಿ ಲೇಕ್. ಬೆಟ್ಟದ ಸಾಲಿಗೆ ಬೇಕು, ದ ವೆಸ್ಟರ್ನ್ ಘಾಟ್ಸ್. ಒಂಟಿ ಬೆಟ್ಟಕ್ಕೆ ಬೇಡ, ಚಾಮುಂಡಿ ಹಿಲ್. ನಮ್ಮ ಕಡೆಯ ಇಂಥ ಹೆಸರುಗಳ ಪಟ್ಟಿ ಬಾಯಿಪಾಠವಾಗಿದೆ. ಹೊಸ ಹೆಸರು ಕೊಟ್ಟರೆ ಮತ್ತೆ ನನ್ನ ಮುಖ ನೋಡುತ್ತಾರೆ. ಜೂನ್ ಬ್ಯಾಚಿಗೆ ಮ್ಯಾಪ್ ತರಿಸಿದ್ದೇನೆ, ಅದನ್ನಿಟ್ಟುಕೊಂಡು ಒಂದು ಕೈ ನೋಡಬೇಕು.