ಲ್ಯಾಪ್‌ಟಾಪ್ ಫಾರ್ಮ್ಯಾಟ್: ಅಂಗಡಿಗೆ ಒಯ್ಯುವ ಮುನ್ನ

ಕಂಪ್ಯೂಟರ್ ನಿಧಾನವಾಯಿತು ಎಂದರೆ ಸಾಕು, ‘ಒಮ್ಮೆ ಫಾರ್ಮ್ಯಾಟ್ ಹೊಡೆಸಿಬಿಡಿ’ ಎಂಬ ಸಲಹೆ ನಾಲ್ಕು ಕಡೆಯಿಂದ ಬರುತ್ತದೆ. ಎಲ್ಲ ನಿಧಾನಕ್ಕೂ ಅದೇ ಮದ್ದಲ್ಲ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಅದಕ್ಕಿಂತ ವೇಗದ ಸಂಗ್ರಹಸಾಧನವಾದ ಎಸ್‌ಎಸ್‌ಡಿ ಹಾಕಿಸದೆ ಎಷ್ಟು ಸಲ ವಿಂಡೋಸ್ ಬದಲಿಸಿದರೂ ಸ್ವಲ್ಪ ದಿನಕ್ಕೆ ಅದೇ ಆಮೆನಡಿಗೆ. ಆದರೆ ವೈರಸ್ ಹೊಕ್ಕಿದ್ದರೆ, ಡಿಸ್ಕ್ ಬದಲಿಸಿದ್ದರೆ, ಯಂತ್ರವನ್ನು ಮಾರುವುದಿದ್ದರೆ, ಇಲ್ಲವೇ ವಿಂಡೋಸ್ 10 ಬಿಟ್ಟು 11ಕ್ಕೆ ಹೋಗುವುದಿದ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದೇ ಸರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, 4 ಜಿಬಿ ರ‍್ಯಾಮ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನದಾಗಿರಬೇಕು. ಅದಕ್ಕಿಂತ ಹಳೆಯದಾದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ಕಡೆ ನೋಡಬಹುದು.

ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಿ ಎನ್ನುವುದಕ್ಕೆ ಕಾರಣ ಕೂಲಿ ಉಳಿಯುತ್ತದೆ ಎಂಬುದಲ್ಲ. ಲ್ಯಾಪ್‌ಟಾಪ್ ಕೊಂಡಾಗ ಜೊತೆಗೇ ಬಂದ ವಿಂಡೋಸ್‌ನ ಕೀ (ಅಸಲಿ ಎಂದು ಸಾಬೀತುಪಡಿಸುವ ಸಂಕೇತ), ವಿಂಡೋಸ್ 8ರಿಂದ ಈಚೆಗೆ, ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಅಡಗಿರುತ್ತದೆ. ನಮ್ಮ ದೇಶದಲ್ಲಿ ಮಾರಾಟವಾಗುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿಯದು. ಇದನ್ನು ನೋಡುವ ಗೋಜಿಗೇ ಹೋಗದೆ ‘ಪ್ರೊ’ ಹಾಕಿ, ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ನಡೆಸುವ ಕಳ್ಳ ತಂತ್ರಾಂಶ) ಓಡಿಸಿ ಕೈತೊಳೆದುಕೊಳ್ಳುವ ಅಂಗಡಿಯವರಿದ್ದಾರೆ. ಕ್ರ್ಯಾಕ್ ಓಡಬೇಕಾದರೆ ಮೊದಲು ಆಂಟಿವೈರಸ್ ಆರಿಸಬೇಕು. ಆ ಹೊತ್ತಿನಲ್ಲಿ ಬೇರೆ ಏನೇನು ಒಳಗೆ ಬಂತೋ ಹಾಕಿದವರಿಗೂ ಗೊತ್ತಿರುವುದಿಲ್ಲ. ಕಾಸು ಕೊಟ್ಟು ಅಸಲಿ ತೆಗೆಸಿ ನಕಲಿ ಹಾಕಿಸಿಕೊಂಡ ಹಾಗೆ. ಆದ್ದರಿಂದ ಮೊದಲ ಕೆಲಸ: ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಪುಟ ತೆರೆದು ಯಾವ ಆವೃತ್ತಿ ಎಂದು ಬರೆದಿಟ್ಟುಕೊಳ್ಳಿ. ಮರಳಿ ಹಾಕುವಾಗ ಅದೇ ಆವೃತ್ತಿ ಹಾಕಿದರೆ ಇಂಟರ್‌ನೆಟ್ ಸಿಕ್ಕೊಡನೆ ತಾನಾಗಿ ಆಕ್ಟಿವೇಟ್ ಆಗುತ್ತದೆ.

ಅಳಿಸುವ ಮುನ್ನ

ಅಳಿಸುವುದಕ್ಕೆ ಎರಡು ನಿಮಿಷ ಸಾಕು. ಅದಕ್ಕೆ ಮುಂಚಿನ ಜೋಡಣೆಗೆ ಒಂದು ಸಂಜೆ ಇಟ್ಟುಕೊಳ್ಳಿ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವುದು ಡೌನ್‌ಲೋಡ್ಸ್. ಪಾನ್ ಕಾರ್ಡ್ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅಲ್ಲೇ ಬಿದ್ದಿರುತ್ತವೆ. ಒಂದೊಂದನ್ನೇ ಹುಡುಕುವ ಬದಲು ಸಿ ಡ್ರೈವ್‌ನ ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನಲ್ಲಿರುವ ಫೋಲ್ಡರನ್ನು ಇಡಿಯಾಗಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲಿಸಿ. ನಕಲು ಮುಗಿದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ಅಲ್ಲೊಂದು ಇಲ್ಲೊಂದು ಕಡತ ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಕಡತ ಸರಿಯಾಗಿ ಬಂದಿದೆ ಎಂದಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತಾಪತ್ರಯವಿದೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಿಸಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫಾರ್ಮ್ಯಾಟ್ ಆದ ಮರುದಿನ ‘ಫೈಲ್ ಕೆಟ್ಟುಹೋಗಿದೆ’ ಎಂದು ಗಾಬರಿಯಾಗುವವರ ಕಡತ ಕೆಟ್ಟಿರುವುದಿಲ್ಲ, ಫಾಂಟ್ ಹೋಗಿರುತ್ತದೆ. ವಿಂಡೋಸ್ ಫೋಲ್ಡರ್ ಒಳಗಿನ ‘ಫಾಂಟ್ಸ್’ನಿಂದ ನುಡಿ, ಬಿಆರ್‌ಎಚ್ ಎಂದು ಆರಂಭವಾಗುವವನ್ನೆಲ್ಲ ಬೇರೆ ತೆಗೆದಿಡಿ.

ಟ್ಯಾಲಿ ಬಳಸುವವರು ಡೇಟಾ ಫೋಲ್ಡರ್ ಎಲ್ಲಿದೆ ಎಂದು ಟ್ಯಾಲಿಯೊಳಗೇ ನೋಡಿಕೊಂಡು ನಕಲಿಸಿ, ಲೈಸೆನ್ಸ್ ಸರೆಂಡರ್ ಮಾಡಿ. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಹೆದರಬೇಕಿಲ್ಲ. ಸಹಿ ಇರುವುದು ಟೋಕನ್‌ನಲ್ಲೇ, ಮರಳಿ ಹಾಕಬೇಕಾದ್ದು ಅದರ ಡ್ರೈವರ್ (ಸಾಧನವನ್ನು ನಡೆಸುವ ಪುಟ್ಟ ತಂತ್ರಾಂಶ) ಮಾತ್ರ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಅದು ಯಾವ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆ ಎಂದು ಈಗಲೇ ಪತ್ತೆಮಾಡಿ. ಅಂಗಡಿಯ ಹುಡುಗ ಅವತ್ತು ಸೃಷ್ಟಿಸಿಕೊಟ್ಟ ಇಮೇಲ್ ವಿಳಾಸ ಮನೆಯಲ್ಲಿ ಯಾರಿಗೂ ನೆನಪಿಲ್ಲದಿರುವುದು ಅಪರೂಪವೇನಲ್ಲ.

ಪೆನ್‌ಡ್ರೈವ್

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟ್‌ನ ತಾಣದಿಂದಲೇ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿಕೊಂಡು ಓಡಿಸಿ. ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಸುಮಾರು 5 ಜಿಬಿ ಇಳಿಯಬೇಕಾದ್ದರಿಂದ ಮೊಬೈಲ್‌ನ ದಿನದ ಡೇಟಾ ನಂಬಿಕೊಂಡು ಕೂರಬೇಡಿ. ಸಿದ್ಧವಾದ ಪೆನ್‌ಡ್ರೈವ್‌ನಲ್ಲೇ ಒಂದು ಫೋಲ್ಡರ್ ಮಾಡಿ, ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾದರಿಯ ವೈಫೈ ಡ್ರೈವರ್ ತಂದು ಹಾಕಿ. ಇಂಟೆಲ್ 11ನೇ ತಲೆಮಾರು ಅಥವಾ ಈಚಿನದಾದರೆ ‘ರ‍್ಯಾಪಿಡ್ ಸ್ಟೋರೇಜ್’ ಡ್ರೈವರ್ ಕೂಡ ಇರಲಿ, ಜಿಪ್ ಬಿಚ್ಚಿಯೇ ಇರಲಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಚಾರ್ಜರ್ ಸಿಕ್ಕಿಸಿ. ಯಂತ್ರ ಆರಿಸಿ, ಪೆನ್‌ಡ್ರೈವ್ ಹಾಕಿ, ಆನ್ ಮಾಡುತ್ತಲೇ ಬೂಟ್ ಮೆನುವಿನ (ಯಾವುದರಿಂದ ಶುರುವಾಗಬೇಕೆಂದು ಕೇಳುವ ಪಟ್ಟಿ) ಕೀಲಿಯನ್ನು ಪದೇ ಪದೇ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಪೆನ್‌ಡ್ರೈವ್ ಹೆಸರು ಎರಡು ಸಲ ಕಂಡರೆ ‘ಯುಇಎಫ್‌ಐ’ ಎಂದಿರುವುದನ್ನು ಆರಿಸಿ.

ಎದೆ ಹೊಡೆದುಕೊಳ್ಳುವ ಪರದೆ

ಭಾಷೆ, ಕೀಬೋರ್ಡ್ ದಾಟಿದ ಮೇಲೆ ಪ್ರಾಡಕ್ಟ್ ಕೀ ಕೇಳಿದರೆ ‘ನನ್ನ ಬಳಿ ಇಲ್ಲ’ ಎಂಬುದನ್ನು ಒತ್ತಿ, ಬರೆದಿಟ್ಟುಕೊಂಡ ಆವೃತ್ತಿಯನ್ನೇ ಆರಿಸಿ. ಆಮೇಲೆ ಡಿಸ್ಕ್‌ಗಳು ಮತ್ತು ಅವುಗಳ ಪಾಲುಗಳ (ಪಾರ್ಟಿಷನ್) ಪಟ್ಟಿ ಬರುತ್ತದೆ. ‘ಡಿಸ್ಕ್ 0 ಪಾರ್ಟಿಷನ್ 1’ ನೂರೋ ಇನ್ನೂರ ಅರವತ್ತೋ ಎಂಬಿ, ಅದರ ಕೆಳಗೆ 16 ಎಂಬಿಯ ‘ರಿಸರ್ವ್ಡ್’, ನಂತರ ದೊಡ್ಡದಾಗಿ ‘ಪ್ರೈಮರಿ’, ಕೊನೆಗೆ ಒಂದೆರಡು ‘ರಿಕವರಿ’. ಇಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣದೇ ಇರಬಹುದು. ಗಾತ್ರ ನೋಡಿಯೇ ಗುರುತಿಸಬೇಕು. ಎಸ್‌ಎಸ್‌ಡಿಯ ಜೊತೆ ಹಾರ್ಡ್ ಡಿಸ್ಕ್ ಕೂಡ ಇದ್ದರೆ ಅದು ‘ಡಿಸ್ಕ್ 1’ ಆಗಿರಬಹುದು, 0 ಆಗಿರಲೂಬಹುದು; ಸಂಖ್ಯೆಯನ್ನು ನಂಬಬೇಡಿ.

ಡಿ ಡ್ರೈವ್‌ನಲ್ಲಿ ಫೋಟೊ ಇಟ್ಟಿದ್ದೇನೆ, ಅದಕ್ಕೇನೂ ಆಗದು ಎಂಬ ಧೈರ್ಯ ನಮ್ಮಲ್ಲಿ ಜಾಸ್ತಿ. ಒಂದೇ ಡಿಸ್ಕ್‌ನ ಎಲ್ಲ ಪಾರ್ಟಿಷನ್ ಅಳಿಸಿದರೆ ಡಿ ಕೂಡ ಹೋಯಿತು. ಉಳಿಸಿಕೊಂಡರೂ, ಅದು ವಿಂಡೋಸ್‌ನದೇ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದಾಗಿದ್ದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ತೆರೆಯದು. ಡಿಯದ್ದನ್ನೂ ಹೊರಗೆ ನಕಲಿಸಿಕೊಂಡೇ ಕೈಹಾಕಿ.

ಎಲ್ಲ ನಕಲು ಆಗಿದೆ ಎಂದಾದರೆ ಒಂದೊಂದೇ ಪಾರ್ಟಿಷನ್ ಆರಿಸಿ ಡಿಲೀಟ್ ಒತ್ತಿ. ರಿಕವರಿ ಭಾಗ ಹೋದರೆ ಕಂಪನಿ ಕೊಟ್ಟಿದ್ದ ಫ್ಯಾಕ್ಟರಿ ರಿಸೆಟ್ ಸೌಲಭ್ಯವೂ ಹೋಗಬಹುದು. ಪೆನ್‌ಡ್ರೈವ್ ಇರುವವರಿಗೆ ಅದೇನೂ ದೊಡ್ಡ ನಷ್ಟವಲ್ಲ. ಕೊನೆಗೆ ‘ಅನ್‌ಅಲೊಕೇಟೆಡ್ ಸ್ಪೇಸ್’ ಎಂಬ ಒಂದೇ ಸಾಲು ಉಳಿಯಬೇಕು. ಅದನ್ನು ಆರಿಸಿ ನೆಕ್ಸ್ಟ್ ಒತ್ತಿ. ಬೇಕಾದ ಪಾರ್ಟಿಷನ್‌ಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಡಿಸ್ಕ್ ಜಿಪಿಟಿ, ಎಂಬಿಆರ್ (ಪಾರ್ಟಿಷನ್ ಮಾಡುವ ಎರಡು ಪದ್ಧತಿಗಳು) ಎಂದು ತಗಾದೆ ಎದ್ದರೂ ಯುಇಎಫ್‌ಐನಲ್ಲಿ ಬೂಟ್ ಮಾಡಿ ಎಲ್ಲವನ್ನೂ ಅಳಿಸಿದರೆ ಸಾಮಾನ್ಯವಾಗಿ ತೀರುತ್ತದೆ.

ಪಟ್ಟಿಯೇ ಖಾಲಿ ಬಂದರೆ? ಡಿಸ್ಕ್ ಸತ್ತಿದೆ ಎಂದು ಕೈಚೆಲ್ಲಬೇಡಿ. ಆಗ ಬೇಕಾಗುವುದೇ ಆ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್. ‘ಲೋಡ್ ಡ್ರೈವರ್’ ಒತ್ತಿ ಪೆನ್‌ಡ್ರೈವ್‌ನ ಆ ಫೋಲ್ಡರ್ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಎಳೆದುಬಿಡಿ, ಇಲ್ಲದಿದ್ದರೆ ಕೆಲವು ಯಂತ್ರಗಳು ಮತ್ತೆ ಮೊದಲಿನಿಂದ ಶುರುಮಾಡುತ್ತವೆ. ಹೋಮ್ ಆವೃತ್ತಿ ಮುಂದೆ ಇಂಟರ್‌ನೆಟ್ ಇಲ್ಲದೆ ಹೆಜ್ಜೆ ಎತ್ತದು. ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್‌ನೆಟ್ ಹಂಚುವ ಸೌಲಭ್ಯ) ಆನ್ ಮಾಡಿ. ಬಹುತೇಕ ಅಷ್ಟಕ್ಕೇ ದಾರಿ ಬಿಡುತ್ತದೆ. ಒಳಹೊಕ್ಕ ಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ, ಉಳಿದ ಡ್ರೈವರ್‌ಗಳನ್ನು ಕಂಪನಿಯ ತಾಣದಿಂದ ಪಡೆಯಿರಿ. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಹೊಸ ಡಿಸ್ಕ್‌ಗೂ ತಾನಾಗಿ ಬೀಗ ಬೀಳುವ ಸಾಧ್ಯತೆ ಇದೆ. ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಕನ್ನಡ ಕೀಬೋರ್ಡನ್ನು ಭಾಷೆಗಳ ಪಟ್ಟಿಯಿಂದ ಸೇರಿಸಿಕೊಳ್ಳಬಹುದು, ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿ ಅದಕ್ಕೆ ಅಡ್ಡಿಯಲ್ಲ. ತುಂಗಾ ಫಾಂಟ್ ಬೇಕಾದವರು ‘ಆಪ್ಷನಲ್ ಫೀಚರ್ಸ್’ನಲ್ಲಿ ಕನ್ನಡದ ಪೂರಕ ಫಾಂಟ್‌ಗಳನ್ನು ಹುಡುಕಿ.

ಮಾರುವುದಿದ್ದರೆ

ಇಷ್ಟರಿಂದ ಹಳೆಯ ಮಾಹಿತಿ ನಿಜವಾಗಿ ಅಳಿದಿದೆಯೇ? ಹಾರ್ಡ್ ಡಿಸ್ಕ್‌ನಲ್ಲಿ ಇಲ್ಲ. ಪಹಣಿ ಹರಿದರೆ ಹೊಲ ಮಾಯವಾಗದು. ಪಾರ್ಟಿಷನ್ ಹೋದರೂ ಅದರೊಳಗಿನದ್ದು ಬಹುಪಾಲು ಹಾಗೇ ಇರುತ್ತದೆ, ರಿಕವರಿ ತಂತ್ರಾಂಶಗಳು ಅದನ್ನು ಹೊರತೆಗೆಯಬಲ್ಲವು. ಮಾರುವವರು ವಿಂಡೋಸ್ ಹಾಕುವ ಮೊದಲು, ಭಾಷೆ ಕೇಳುವ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ಕಪ್ಪು ಕಿಟಕಿಯಲ್ಲಿ ‘ಡಿಸ್ಕ್‌ಪಾರ್ಟ್’ ಓಡಿಸಿ, ಸರಿಯಾದ ಡಿಸ್ಕ್ ಆರಿಸಿ ‘ಕ್ಲೀನ್ ಆಲ್’ ಆದೇಶ ಕೊಡಬೇಕು. ಬರೀ ‘ಕ್ಲೀನ್’ ಪಾರ್ಟಿಷನ್ ಪಟ್ಟಿಯನ್ನಷ್ಟೇ ಅಳಿಸುತ್ತದೆ. ‘ಆಲ್’ ಸೇರಿಸಿದರೆ ಡಿಸ್ಕ್ ಪೂರ್ತಿ ಸೊನ್ನೆ ತುಂಬುತ್ತದೆ. 1 ಟಿಬಿ ಹಾರ್ಡ್ ಡಿಸ್ಕ್‌ಗೆ ಇದು ಕೆಲವು ಗಂಟೆಗಳ ಕೆಲಸ, ರಾತ್ರಿ ಹಚ್ಚಿ ಮಲಗಿ. ಎಸ್‌ಎಸ್‌ಡಿಗೆ ಈ ದಾರಿ ಬೇಡ. ಅದರ ಮೀಸಲು ಜಾಗಗಳಿಗೆ ಸೊನ್ನೆ ತಲುಪುವುದಿಲ್ಲ, ಸುಮ್ಮನೆ ಸವೆತ. ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್ಸ್ ಪರದೆ) ಅಥವಾ ಎಸ್‌ಎಸ್‌ಡಿ ಕಂಪನಿಯ ತಂತ್ರಾಂಶದಲ್ಲಿ ‘ಸೆಕ್ಯೂರ್ ಇರೇಸ್’ ಇದ್ದರೆ ಅದನ್ನೇ ಬಳಸಿ.

ಹೊಸ ವಿಂಡೋಸ್ ಕೂತು ದೇಶ ಯಾವುದೆಂದು ಕೇಳುವ ಪರದೆ ಬಂದಾಗ ಅಲ್ಲಿಗೇ ನಿಲ್ಲಿಸಿ ಪವರ್ ಬಟನ್ ಒತ್ತಿ ಆರಿಸಿ. ಖಾತೆ ಮಾಡಿಕೊಳ್ಳುವುದು ಕೊಂಡವರ ಪಾಲಿನ ಕೆಲಸ. ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಆ ಲ್ಯಾಪ್‌ಟಾಪನ್ನು ತೆಗೆದುಹಾಕಿ, ಚಾರ್ಜರ್ ಮತ್ತು ಬಿಲ್ ಸಮೇತ ಒಪ್ಪಿಸಬಹುದು.